ಹಣ್ಣಿನಲ್ಲಿ ಜಿಡ್ಡೆಷ್ಟು?

"ಮಗು ದಿನವೂ ಹಣ್ಣು ತಿನ್ನುತ್ತದೆ, ಇನ್ನು ಎಣ್ಣೆ ತುಪ್ಪ ಏಕೆ?" ಎಂದು ಕೇಳುವ ತಾಯಂದಿರುಂಟು. ಲೆಕ್ಕ ಹಾಕಿ ನೋಡೋಣ.

1991-92ರಲ್ಲಿ ನಮ್ಮ ದೇಶದಲ್ಲಿ ಬೆಳೆದ ಹಣ್ಣು ಸುಮಾರು 2.9 ಕೋಟಿ ಟನ್. 2020-21ರಲ್ಲಿ ಅದು 10 ಕೋಟಿ ಟನ್ ದಾಟಿತು. ಜನಸಂಖ್ಯೆಯೂ ಬೆಳೆಯಿತಷ್ಟೆ, ತಲೆಗಿಷ್ಟೆಂದು ಹಂಚಿದರೆ ದಿನಕ್ಕೆ ಸುಮಾರು 90 ಗ್ರಾಂ ಇದ್ದದ್ದು 200 ಗ್ರಾಂ ಆಯಿತು. (ದಾರಿಯಲ್ಲಿ ಕೊಳೆತದ್ದನ್ನು ಇಲ್ಲಿ ಕಳೆದಿಲ್ಲ!) ಇದರಲ್ಲಿ ಅರ್ಧದಷ್ಟು ಬಾಳೆ ಮತ್ತು ಮಾವು. 100 ಗ್ರಾಂ ಬಾಳೆಹಣ್ಣಿನಲ್ಲಿರುವ ಜಿಡ್ಡು ಸುಮಾರು 0.3 ಗ್ರಾಂ, ಮಾವಿನಲ್ಲೂ ಹೆಚ್ಚುಕಡಿಮೆ ಅಷ್ಟೇ. ಹೀಗಾಗಿ ಹಣ್ಣಿನಿಂದ ಸಿಗುವ ಜಿಡ್ಡು ಇಮ್ಮಡಿಯಾದರೂ ದಿನಕ್ಕೆ ಒಂದು ಗ್ರಾಂ ಮುಟ್ಟಲಿಲ್ಲ. ಒಂದು ಸಣ್ಣ ಚಮಚ ಎಣ್ಣೆಯಲ್ಲೇ 4 ಗ್ರಾಂಗೂ ಹೆಚ್ಚು ಜಿಡ್ಡುಂಟು.

ಬೆಣ್ಣೆಹಣ್ಣಿನ ಮಾತು ಬೇರೆ. ಕೊಡಗಿನ ಕಾಫಿ ತೋಟಗಳಲ್ಲಿ ಬೆಳೆಯುವ ಈ ಹಣ್ಣಿನ 100 ಗ್ರಾಂ ತಿರುಳಿನಲ್ಲಿ ಸುಮಾರು 15 ಗ್ರಾಂ ಜಿಡ್ಡಿದೆ. ಆದರೆ ಎಷ್ಟು ಮನೆಗಳಿಗೆ ಅದು ಬರುತ್ತದೆ? ತೆಂಗಿನಕಾಯಿಯನ್ನು ಲೆಕ್ಕಿಗರು ಹಣ್ಣಿನ ಪಟ್ಟಿಗೆ ಸೇರಿಸುವುದಿಲ್ಲ.

ಪಪ್ಪಾಯಿ, ಮಾವುಗಳ ಹಳದಿ ಬಣ್ಣದಿಂದ ದೇಹವು 'ಎ' ಜೀವಸತ್ವವನ್ನು ಮಾಡಿಕೊಳ್ಳುತ್ತದೆ. ಇರುಳುಗುರುಡನ್ನು ತಡೆಯುವುದು ಅದೇ. ಆದರೆ ಆ ಬಣ್ಣ ಮೈಗೆ ಹತ್ತಬೇಕಾದರೆ ಊಟದಲ್ಲಿ ಜಿಡ್ಡಿರಬೇಕು. ಆದ್ದರಿಂದ ಹಣ್ಣು ಬಿಡಬೇಡಿ. ಮಗುವಿನ ಅನ್ನಕ್ಕೆ ಒಂದು ಚಮಚ ಎಣ್ಣೆಯನ್ನೋ ತುಪ್ಪವನ್ನೋ ಕಲಸಿ, ಆ ಊಟದ ಜೊತೆಗೇ ಹಣ್ಣು ಕೊಡಿ.