ವರ್ತಕರ ಮೊಬೈಲ್ ದೂರವಾಣಿ: ಸಿಮ್ ಕಾರ್ಡಿಗೂ ಬೀಗ ಬೇಕು

ಬ್ಯಾಂಕಿನ ಒಟಿಪಿ, ಯುಪಿಐ ಪಾವತಿ, ಜಿಎಸ್‌ಟಿ ರಿಟರ್ನಿನ ದೃಢೀಕರಣ, ಇವೆಲ್ಲವೂ ಇಂದು ವರ್ತಕನ ಒಂದೇ ಮೊಬೈಲ್ ಸಂಖ್ಯೆಯನ್ನು ಅವಲಂಬಿಸಿವೆ. 2025ರ ಏಪ್ರಿಲ್ 1ರಿಂದ ಇ-ವೇ ಬಿಲ್ ಜಾಲತಾಣವನ್ನು ಪ್ರವೇಶಿಸಲು ಎಲ್ಲ ವರ್ತಕರಿಗೂ ಪಾಸ್‌ವರ್ಡಿನೊಂದಿಗೆ ಒಟಿಪಿ ಕಡ್ಡಾಯವಾಗಿದೆ. ಆದ್ದರಿಂದ ಮೊಬೈಲ್ ಕಳೆದುಹೋದರೆ ಖಾತೆಯ ಹಣಕ್ಕೆ ಅಪಾಯವೊದಗುವುದರ ಜೊತೆಗೆ, ಐವತ್ತು ಸಾವಿರ ರೂಪಾಯಿಗೆ ಮೀರಿದ ಸರಕು ಹೇರಿದ ಲಾರಿಯು ಗೋದಾಮಿನ ಬಾಗಿಲಲ್ಲೇ ನಿಲ್ಲಬೇಕಾದೀತು.

“ನನ್ನ ಫೋನಿಗೆ ಲಾಕ್ ಹಾಕಿದ್ದೇನೆ, ಭಯವಿಲ್ಲ” ಎನ್ನುವವರೇ ಹೆಚ್ಚು. ಆದರೆ ಆ ಲಾಕ್ ರಕ್ಷಿಸುವುದು ಉಪಕರಣವನ್ನು ಮಾತ್ರ. ಕಳ್ಳನು ಒಂದು ಸಣ್ಣ ಪಿನ್ನಿನಿಂದ ಸಿಮ್ ಕಾರ್ಡನ್ನು ಹೊರತೆಗೆದು ತನ್ನ ಫೋನಿಗೆ ಹಾಕಿಕೊಂಡನೆಂದರೆ, ತಮಗೆ ಬರಬೇಕಾದ ಕರೆ ಮತ್ತು ಸಂದೇಶಗಳು ಅವನಿಗೆ ಬರತೊಡಗುತ್ತವೆ. ಒಟಿಪಿಯೊಂದರಿಂದಲೇ ಹಣ ಹೋಗುವುದಿಲ್ಲವೆಂಬುದು ನಿಜ. ಹೊಸ ಯುಪಿಐ ಪಿನ್ ರೂಪಿಸಲು ಸಾಮಾನ್ಯವಾಗಿ ಡೆಬಿಟ್ ಕಾರ್ಡಿನ ಕೊನೆಯ ಆರು ಅಂಕಿಗಳು ಮತ್ತು ಅದರ ಅವಧಿ ಮುಗಿಯುವ ತಿಂಗಳು-ವರ್ಷವೂ ಬೇಕು. ಆದರೆ ನಮ್ಮ ವರ್ತಕರ ಫೋನುಗಳನ್ನೊಮ್ಮೆ ನೋಡಬೇಕು! ಹಿಂಬದಿಯ ಕವರಿನಲ್ಲಿ ಡೆಬಿಟ್ ಕಾರ್ಡು, ಅದರ ಪಕ್ಕದಲ್ಲೇ ಮಡಿಸಿಟ್ಟ ಆಧಾರ್ ಪ್ರತಿ. ತಿಜೋರಿಯ ಕೀಲಿಯನ್ನು ತಿಜೋರಿಗೇ ಕಟ್ಟಿ ತೂಗುಹಾಕಿದಂತಾಯಿತು. ಇವೆರಡನ್ನೂ ಇಂದೇ ಫೋನಿನಿಂದ ಬೇರ್ಪಡಿಸತಕ್ಕದ್ದು.

ಎರಡನೆಯ ಕೆಲಸ ಸಿಮ್ ಲಾಕ್. ಫೋನಿನ ಸೆಟ್ಟಿಂಗ್ಸ್‌ನಲ್ಲಿ ಇದಕ್ಕೆ ಅವಕಾಶವಿದೆ. ಇದನ್ನು ಅಳವಡಿಸಿದರೆ ಫೋನನ್ನು ಆರಿಸಿ ಹಚ್ಚಿದಾಗಲೂ, ಸಿಮ್ಮನ್ನು ಬೇರೆ ಫೋನಿಗೆ ಹಾಕಿದಾಗಲೂ ಪಿನ್ ಸಂಖ್ಯೆ ನೀಡದೆ ಅದು ಕಾರ್ಯನಿರ್ವಹಿಸದು. ಇಲ್ಲಿ ಒಂದು ಎಚ್ಚರಿಕೆ ಅವಶ್ಯ. ಸಿಮ್ಮಿಗೆ ಕಂಪನಿಯೇ ಕೊಟ್ಟ ಮೂಲ ಪಿನ್ ಒಂದಿರುತ್ತದೆ. ಅದನ್ನು ಊಹಿಸಿ ಮೂರು ಬಾರಿ ತಪ್ಪಾಗಿ ಒತ್ತಿದರೆ ಸಿಮ್ ಸ್ಥಗಿತಗೊಂಡು ಎಂಟು ಅಂಕಿಗಳ ಪಿಯುಕೆ ಸಂಖ್ಯೆಯನ್ನು ಕೇಳುತ್ತದೆ. ಅದನ್ನೂ ಹತ್ತು ಬಾರಿ ತಪ್ಪಿದರೆ ಸಿಮ್ ಶಾಶ್ವತವಾಗಿ ನಿರುಪಯುಕ್ತ. ಆದುದರಿಂದ ಮೊದಲು ಕಂಪನಿಯಿಂದ ಮೂಲ ಪಿನ್ ತಿಳಿದುಕೊಂಡು ಆನಂತರವೇ ಬದಲಾಯಿಸುವುದು ಕ್ಷೇಮ. ಲಾಕ್ ಆಗಿರುವ ಪರದೆಯ ಮೇಲೆ ಸಂದೇಶಗಳ ಒಕ್ಕಣೆ ಕಾಣದಂತೆಯೂ ಮಾಡಬೇಕು. ಇಲ್ಲವಾದಲ್ಲಿ ಗಲ್ಲಾದ ಮೇಲಿಟ್ಟ ಫೋನಿನಲ್ಲಿ ಒಟಿಪಿಯನ್ನು ದಾರಿಹೋಕರೂ ಓದಬಹುದು.

ಫೋನ್ ಕಳೆದ ಪಕ್ಷದಲ್ಲಿ ಅದನ್ನು ಹುಡುಕುತ್ತಾ ಅರ್ಧ ದಿನ ಕಳೆಯುವುದು ದೊಡ್ಡ ತಪ್ಪು. ಮೊದಲು ಬೇರೊಂದು ಫೋನಿನಿಂದ ಸಿಮ್ ಸ್ಥಗಿತಗೊಳಿಸಿ, ಆಮೇಲೆ ಬ್ಯಾಂಕಿಗೆ ತಿಳಿಸಬೇಕು. ಹಣ ಹೋಗಿದ್ದರೆ ತಡಮಾಡದೆ 1930ಕ್ಕೆ ಕರೆಮಾಡಬೇಕು. ಭಾರತೀಯ ರಿಸರ್ವ್ ಬ್ಯಾಂಕು 2017ರ ಜುಲೈನಲ್ಲಿ ಹೊರಡಿಸಿದ ಸುತ್ತೋಲೆಯು, ಗ್ರಾಹಕನ ಅಜಾಗರೂಕತೆಯಿಂದಾದ ನಷ್ಟದಲ್ಲಿ ಬ್ಯಾಂಕಿಗೆ ತಿಳಿಸುವವರೆಗಿನದನ್ನು ಗ್ರಾಹಕನ ಮೇಲೂ, ತಿಳಿಸಿದ ಅನಂತರದ್ದನ್ನು ಬ್ಯಾಂಕಿನ ಮೇಲೂ ಹೊರಿಸಿತು. ದೂರು ನೀಡಿದ ವೇಳೆಗೆ ಇರುವ ಬೆಲೆ ಇದರಿಂದ ವಿದಿತವಾಗುತ್ತದೆ.

ಬಳಿಕ ಪೊಲೀಸ್ ದೂರು ಮತ್ತು ಬದಲಿ ಸಿಮ್. ದೂರಿನ ಪ್ರತಿಯೊಂದಿಗೆ, 2023ರಲ್ಲಿ ಆರಂಭವಾದ ಕೇಂದ್ರ ಸರ್ಕಾರದ ಸಂಚಾರ್ ಸಾಥಿ ಜಾಲತಾಣದಲ್ಲಿ ಫೋನಿನ ಐಎಂಇಐ ಸಂಖ್ಯೆ ನಮೂದಿಸಿದರೆ ಆ ಉಪಕರಣವು ದೇಶದ ಯಾವ ಜಾಲದಲ್ಲೂ ಕೆಲಸಮಾಡದಂತೆ ತಡೆಹಿಡಿಯಲಾಗುತ್ತದೆ. ಹದಿನೈದು ಅಂಕಿಗಳ ಈ ಸಂಖ್ಯೆಯನ್ನು ಫೋನು ಕೈಯಲ್ಲಿರುವಾಗಲೇ *#06# ಒತ್ತಿ ಬರೆದಿಟ್ಟುಕೊಳ್ಳಬೇಕು. ಗಿರಾಕಿಗಳಿಗೆ ಕೊಟ್ಟ ಬಿಲ್ಲುಗಳನ್ನು ವರ್ಷಗಟ್ಟಲೆ ಜೋಪಾನ ಮಾಡುವ ನಾವು ಸ್ವಂತ ಫೋನಿನ ಖರೀದಿ ಬಿಲ್ಲನ್ನು ಎಲ್ಲಿಟ್ಟಿದ್ದೇವೆಂದು ಕೇಳಿದರೆ ತಡವರಿಸುತ್ತೇವೆ. ಸಿಮ್ ಯಾರ ಹೆಸರಿನಲ್ಲಿದೆಯೆಂಬುದನ್ನೂ ಪರಿಶೀಲಿಸುವುದು ಒಳಿತು. ಬಿಟ್ಟುಹೋದ ಗುಮಾಸ್ತನ ಹೆಸರಿನಲ್ಲಿದ್ದರೆ ಬದಲಿ ಸಿಮ್ಮಿಗಾಗಿ ಆತನನ್ನೇ ಅರಸಿಕೊಂಡು ಹೋಗಬೇಕಾಗುತ್ತದೆ.

ಬದಲಿ ಸಿಮ್ ದೊರೆತೊಡನೆ ವ್ಯವಹಾರ ಸರಾಗವಾಗುವುದೆಂದು ಭಾವಿಸಬಾರದು. ವಂಚಕರು ಅನ್ಯರ ಹೆಸರಿನಲ್ಲಿ ಸಿಮ್ ಪಡೆಯುವುದನ್ನು ತಡೆಗಟ್ಟಲು, ಹೊಸ ಸಿಮ್ ಚಾಲನೆಗೊಂಡ ಮೇಲೆ 24 ಗಂಟೆಗಳ ಕಾಲ ಎಸ್‌ಎಂಎಸ್ ಸೇವೆ ನಿಲ್ಲಿಸುವಂತೆ ದೂರಸಂಪರ್ಕ ಇಲಾಖೆಯು 2022ರ ಕೊನೆಯಲ್ಲಿ ಆದೇಶಿಸಿತು. ಎಸ್‌ಎಂಎಸ್ ಇಲ್ಲವೆಂದರೆ ಅದರ ಮೂಲಕ ಬರುವ ಒಟಿಪಿಯೂ ಇಲ್ಲ. ಆ ಒಂದು ದಿನ ಲಾರಿ ನಿಲ್ಲದಿರಬೇಕಾದರೆ ಇ-ವೇ ಬಿಲ್ ಜಾಲತಾಣದಲ್ಲಿ ಮಗನನ್ನೋ ನಂಬುಗೆಯ ಗುಮಾಸ್ತನನ್ನೋ ಅವರದೇ ಮೊಬೈಲ್ ಸಂಖ್ಯೆಯೊಂದಿಗೆ ಉಪಬಳಕೆದಾರರನ್ನಾಗಿ ನೋಂದಾಯಿಸಿರಬೇಕು. ಈ ನೋಂದಣಿಗೂ ಮುಖ್ಯ ಬಳಕೆದಾರನ ಒಟಿಪಿ ಬೇಕಾಗುವುದರಿಂದ, ತಮ್ಮ ಫೋನು ತಮ್ಮ ಜೇಬಿನಲ್ಲಿರುವಾಗಲೇ ಇದನ್ನು ಮಾಡಿ ಮುಗಿಸತಕ್ಕದ್ದು.