ಬಿದ್ದು ಹುಟ್ಟಿದ ಗಿಡಕ್ಕೆ ಕರುಣೆ ಬೇಡ

ನಾರಾಯಣಪುರ ಎಡದಂಡೆ ಕಾಲುವೆಯ ನೀರು ಹರಿದ ಮೇಲೆ ಶಹಾಪುರ, ಸುರಪುರ, ಯಾದಗಿರಿ ಭಾಗದ ಹೊಲಗಳಲ್ಲಿ ಭತ್ತ, ಹತ್ತಿ, ತೊಗರಿ, ಶೇಂಗಾ ಒಂದರ ಹಿಂದೊಂದು ಬರುತ್ತವೆ. ಬೆಳೆ ಬದಲಿಸಿದ ಲಾಭ ಕೈಗೆ ಹತ್ತಬೇಕಾದರೆ ಹಿಂದಿನ ಬೆಳೆ ಹೊಲ ಬಿಟ್ಟು ಹೋಗಿರಬೇಕು; ಅದರ ಕೂಳೆಯಾಗಲಿ, ಉದುರಿದ ಬೀಜದಿಂದ ತಾನಾಗಿ ಹುಟ್ಟಿದ ಗಿಡವಾಗಲಿ ಉಳಿಯಬಾರದು.

1. ಕಟಾವಿನಲ್ಲೇ ಎಚ್ಚರವಾಗಿರಿ. ಭತ್ತ ಅತಿಯಾಗಿ ಒಣಗಿದರೆ ಕಾಳು ಉದುರುತ್ತದೆ. ಕಟಾವು ಮಷೀನು ಹಾದುಹೋದ ಮೇಲೆ ಹುಲ್ಲು ಸರಿಸಿ ನೋಡಿ. ಕಾಳು ಬಹಳ ಬಿದ್ದಿದ್ದರೆ ವೇಗ ತಗ್ಗಿಸಲು ಹೇಳಿ.

2. ಮೊದಲು ಮೊಳೆಯಲಿ, ಆಮೇಲೆ ಬಿತ್ತಿ. ಉದುರಿದ ಕಾಳನ್ನು ಆಳಕ್ಕೆ ಹೂಳಬೇಡಿ. ಮೇಲಿದ್ದರೆ ಹಕ್ಕಿ, ಇರುವೆ ಒಂದಿಷ್ಟು ತಿನ್ನುತ್ತವೆ. ಮಳೆಯೋ ಕಾಲುವೆ ನೀರೋ ಸಿಕ್ಕು ಹಸಿರೆದ್ದ ಮೇಲೆ ಕುಂಟೆ ಹೊಡೆಯಿರಿ. ಹತ್ತು ಹದಿನೈದು ದಿನ ಕಾಯುವುದು ಕಷ್ಟವೇ, ಆದರೆ ಮುಂದೆ ಕಳೆ ತೆಗೆಯುವ ಕೂಲಿ ಉಳಿಯುತ್ತದೆ.

3. ಹತ್ತಿ ಕಟಗಿಯನ್ನು ಬೇರುಸಮೇತ ಕೀಳಿ. ಇನ್ನೆರಡು ಕಾಯಿಯ ಆಸೆಗೆ ಕೂಳೆ ಬಿಡುವ ರೂಢಿಯೇ ನಮಗೆ ದೊಡ್ಡ ನಷ್ಟ. ಗಿಡದಲ್ಲಿ ಉಳಿದ ಕಾಯಿಯೊಂದನ್ನು ಒಡೆದು ನೋಡಿ: ಎರಡು ಬೀಜ ಒಂದಕ್ಕೊಂದು ಅಂಟಿದ್ದರೆ ನಡುವೆ ಗುಲಾಬಿ ಕಾಯಿಕೊರಕದ ಹುಳು ಮುದುಡಿ ಮಲಗಿರುತ್ತದೆ. 2006ರಲ್ಲಿ ಬಂದ ಎರಡು ವಂಶವಾಹಿಯ ಬಿಟಿ ಹತ್ತಿಗೂ ಅದು ಈಗ ಜಗ್ಗುವುದಿಲ್ಲ. ಹೊಲದಲ್ಲಿ ಹತ್ತಿಯೇ ಇಲ್ಲದ ಕೆಲವು ತಿಂಗಳು ಸಿಕ್ಕರೆ ಮಾತ್ರ ಅದರ ಸರಪಳಿ ಕಡಿಯುತ್ತದೆ. ಕಟಗಿ ಕೊಯ್ದರೆ ಸಾಲದು, ಮತ್ತೆ ಚಿಗುರುತ್ತದೆ. ಒಟ್ಟಿಲನ್ನು ಬದುವಿನ ಮೇಲೆ ಮುಂಗಾರಿನವರೆಗೆ ಇಡಲೂಬೇಡಿ. ಪುಡಿ ಮಾಡಿಸಿ ಗೊಬ್ಬರದ ಗುಂಡಿಗೆ ಹಾಕಿ. ಮುಂದೆ ತೊಗರಿ ಬಿತ್ತಿದಾಗ ಸಾಲಿನ ನಡುವೆ ಎದ್ದ ಹತ್ತಿ ಸಸಿ ಎಡೆಕುಂಟೆಗೆ ಸಿಗುತ್ತದೆ, ಸಾಲಿನೊಳಗಿನದನ್ನು ಕೈಯಿಂದಲೇ ಕೀಳಬೇಕು.

4. ಬದುವಿನ ಹಳೇ ತೊಗರಿ ಉಳಿಸಬೇಡಿ. ಎಲೆ ಸಣ್ಣದಾಗಿ, ತಿಳಿಹಳದಿ ಮಚ್ಚೆ ಮೂಡಿ, ಹೂವಿಲ್ಲದೆ ಪೊದೆಯಾಗಿ ನಿಂತ ಗಿಡಕ್ಕೆ ಗೊಡ್ಡು ರೋಗ ಬಂದಿದೆ. ಅದನ್ನು ಹರಡುವ ಕಣ್ಣಿಗೆ ಕಾಣದ ನುಸಿ ಬೇಸಿಗೆ ಕಳೆಯುವುದು ಇಂಥ ಗಿಡಗಳಲ್ಲೇ.

5. ಶೇಂಗಾ ಕಿತ್ತ ಹೊಲ ಹರಗಿದಾಗ ಮೇಲೆದ್ದ ಕಾಯಿ ಆರಿಸಿ.

6. ಔಷಧಿ ಕೊನೆಗಿರಲಿ. ಹತ್ತಿಯಲ್ಲಿ ಎದ್ದ ಭತ್ತಕ್ಕೆ ಹುಲ್ಲು ಜಾತಿಯನ್ನಷ್ಟೇ ಕೊಲ್ಲುವ ಕ್ವಿಜಲೋಫಾಪ್ ಇದೆ. ತೊಗರಿಯಲ್ಲಿನ ಹತ್ತಿಗೆ ಅಂಥ ಸುಲಭ ದಾರಿಯಿಲ್ಲ, ಎರಡೂ ಅಗಲ ಎಲೆಯವು. ಔಷಧಿಯ ಪ್ರಮಾಣವನ್ನು ಭೀಮರಾಯನಗುಡಿ ಕೃಷಿ ಕಾಲೇಜಿನಲ್ಲೋ ಕವಡಿಮಟ್ಟಿ ಕೃಷಿ ವಿಜ್ಞಾನ ಕೇಂದ್ರದಲ್ಲೋ ಕೇಳಿ. ಕಳೆನಾಶಕ ತಡೆಯುವ ಹತ್ತಿ ಬೀಜಕ್ಕೆ ನಮ್ಮ ದೇಶದಲ್ಲಿ ಅನುಮತಿಯಿಲ್ಲ. ಕದ್ದು ಮಾರುವ ಆ ಬೀಜ ಬಿತ್ತಿದರೆ, ಮರುವರ್ಷ ತಾನಾಗಿ ಹುಟ್ಟುವ ಸಸಿ ಗ್ಲೈಫೋಸೇಟ್ ಕಳೆನಾಶಕ ಹೊಡೆದರೂ ಸಾಯುವುದಿಲ್ಲ.