ಸದ್ದು ಹೋದ ಲ್ಯಾಪ್‌ಟಾಪ್: ತಪ್ಪು ಹುಡುಕುವ ಕ್ರಮ

ಲ್ಯಾಪ್‌ಟಾಪ್‌ನಲ್ಲಿ ಸದ್ದು ಬರದಿದ್ದರೆ ನಮ್ಮಲ್ಲಿ ಹೆಚ್ಚಿನವರಿಗೆ ಹಾಡು, ವಿಡಿಯೋ ನಿಲ್ಲುತ್ತದೆ, ಅಷ್ಟೇ. ಆದರೆ ನಮ್ಮ ಕಾಮರ್ಸ್ ತರಗತಿಯ ನನ್ನ ಗೆಳೆಯನಿಗೆ ಸದ್ದು ಹೋದರೆ ಪರದೆಯೇ ಹೋದ ಹಾಗೆ. ಅವನಿಗೆ ಹುಟ್ಟಿನಿಂದ ಕಣ್ಣು ಕಾಣುವುದಿಲ್ಲ. ಲ್ಯಾಪ್‌ಟಾಪ್ ಓದಿ ಹೇಳಿದ್ದನ್ನು ಕೇಳಿಸಿಕೊಂಡೇ ಅವನು ಓದುತ್ತಾನೆ. ಅವನ ಒಪ್ಪಿಗೆ ಕೇಳಿಯೇ ಇದನ್ನು ಬರೆಯುತ್ತಿದ್ದೇನೆ.

ಅವನು ಬಳಸುವ ತಂತ್ರಾಂಶದ ಹೆಸರು ಎನ್‌ವಿಡಿಎ. ಪರದೆಯ ಮೇಲಿನ ಅಕ್ಷರಗಳನ್ನು ಇದು ದನಿಯಾಗಿ ಓದುತ್ತದೆ. 2006ರಲ್ಲಿ ಆಸ್ಟ್ರೇಲಿಯಾದ ಮೈಕೆಲ್ ಕರನ್ ಇದನ್ನು ಆರಂಭಿಸಿದರು, ಜೇಮ್ಸ್ ಟೇ ಅವರ ಜೊತೆಯಾದರು. ಇಬ್ಬರೂ ಅಂಧರು. ಇದನ್ನು ಯಾರು ಬೇಕಾದರೂ ಉಚಿತವಾಗಿ ಹಾಕಿಕೊಳ್ಳಬಹುದು. ಇದರ ಜೊತೆಗೆ ಬರುವ ಇ-ಸ್ಪೀಕ್ ಎಂಬ ದನಿ ಕನ್ನಡವನ್ನೂ ಓದುತ್ತದೆ. ಗೆಳೆಯನ ಮನೆಮಾತು ಬಂಗಾಳಿ, ನಮ್ಮ ಮನೆಯದು ಉರ್ದು. ನಾವಿಬ್ಬರೂ ಮಾತಾಡುವುದು ಕನ್ನಡದಲ್ಲಿ, ಅವನ ಲ್ಯಾಪ್‌ಟಾಪ್ ನೋಟ್ಸ್ ಓದುವುದೂ ಕನ್ನಡದಲ್ಲೇ.

ಕಳೆದ ಡಿಸೆಂಬರ್‌ನಲ್ಲಿ, ಲೆಕ್ಕಶಾಸ್ತ್ರದ ಟೆಸ್ಟ್‌ಗೆ ಐದು ದಿನ ಇರುವಾಗ, ಅದು ಇದ್ದಕ್ಕಿದ್ದಂತೆ ಮೂಕವಾಯಿತು. ರಿಪೇರಿ ಅಂಗಡಿಯೊಂದಕ್ಕೆ ಒಯ್ದರು. ಅಂಗಡಿಯವರು ಆನ್ ಮಾಡಿ ನೋಡಿ, "ಸೌಂಡ್ ಐಸಿ ಹೋಗಿದೆ, ಮೂರು ಸಾವಿರ ಆಗುತ್ತದೆ, ಒಂದು ವಾರ ಬೇಕು" ಎಂದರು. ಅವನ ಅಪ್ಪ "ಭತ್ತ ಮಾರಿದ ಮೇಲೆ ನೋಡೋಣ" ಎಂದು ವಾಪಸ್ ತಂದರು. ಹೀಗೆ ಮೂರು ದಿನ ಹೋಯಿತು.

ಮೂರನೆಯ ದಿನ ಸಂಜೆ ನಾನು ಕ್ಯಾಂಪಿನಲ್ಲಿರುವ ಅವನ ಮನೆಗೆ ಹೋದೆ. ಲ್ಯಾಪ್‌ಟಾಪ್ ತೆಗೆದುಕೊಂಡು, ಮೊಬೈಲಿನಲ್ಲಿ ಕಂಡದ್ದನ್ನೆಲ್ಲ ಒಂದೊಂದಾಗಿ ಒತ್ತತೊಡಗಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದ ಅವನು ಹೇಳಿದ: "ಲೇ, ಏನ್ ಒತ್ತಾಕತ್ತಿ ಅಂತ ಹೇಳ್ಕೊಂತ ಒತ್ತು. ಲ್ಯಾಪ್‌ಟಾಪ್ ನಂದು."

ನನಗೆ ನಾಚಿಕೆಯಾಯಿತು. ಹೇಳುತ್ತಾ ಒತ್ತಲು ಹೋದಾಗ ಇನ್ನೊಂದು ವಿಷಯವೂ ಗೊತ್ತಾಯಿತು. ಏನು ಮಾಡುತ್ತಿದ್ದೇನೆ, ಏಕೆ ಮಾಡುತ್ತಿದ್ದೇನೆ ಎಂದು ನನಗೇ ಗೊತ್ತಿರಲಿಲ್ಲ.

ಆಗ ಅವನೇ ಕೇಳಿದ: "ತಾಳೆ ಪಟ್ಟಿ ತಾಳೆ ಆಗದಿದ್ದರೆ ಏನ್ ಮಾಡ್ತೀವಿ?"

ತಾಳೆ ಪಟ್ಟಿಯ ಪಾಠ

ನಮಗೆ ಕಲಿಸಿದ ಕ್ರಮ ಹೀಗಿದೆ. ತಾಳೆ ಪಟ್ಟಿಯ ಎರಡು ಕಡೆ ಸರಿಹೊಂದದಿದ್ದರೆ ಇಡೀ ಪುಸ್ತಕವನ್ನು ಮತ್ತೆ ಬರೆಯುವುದಿಲ್ಲ. ಮೊದಲು ಮೊತ್ತವನ್ನು ಮತ್ತೆ ಕೂಡುತ್ತೇವೆ. ವ್ಯತ್ಯಾಸದ ಅರ್ಧದಷ್ಟು ಮೊತ್ತ ತಪ್ಪು ಬದಿಗೆ ಹೋಗಿದೆಯೇ ನೋಡುತ್ತೇವೆ. ವ್ಯತ್ಯಾಸ 9ರಿಂದ ಭಾಗವಾದರೆ ಅಂಕಿಗಳು ಅದಲುಬದಲಾಗಿರಬಹುದು. 540 ಎಂಬುದನ್ನು 450 ಎಂದು ಬರೆದರೆ ವ್ಯತ್ಯಾಸ 90. ಏನೂ ಸಿಗದಿದ್ದರೆ ಕೊನೆಗೆ ಸಸ್ಪೆನ್ಸ್ ಖಾತೆ ತೆರೆಯುತ್ತೇವೆ. ಅದರಿಂದ ಪಟ್ಟಿ ತಾಳೆಯಾಗುತ್ತದೆ, ಆದರೆ ತಪ್ಪು ಒಳಗೇ ಇರುತ್ತದೆ.

"ಸೌಂಡ್ ಐಸಿ ಹೋಗಿದೆ" ಎನ್ನುವುದೂ, "ವಿಂಡೋಸ್ ಹೊಸದಾಗಿ ಹಾಕಿಸು" ಎನ್ನುವುದೂ ಪರೀಕ್ಷೆ ಮಾಡದೆ ಹೇಳಿದರೆ ಸಸ್ಪೆನ್ಸ್ ಖಾತೆಯೇ. ತಪ್ಪು ಎಲ್ಲಿದೆ ಎಂದು ಹುಡುಕಬೇಕಾದರೆ ಸದ್ದು ಬರುವ ದಾರಿ ಗೊತ್ತಿರಬೇಕು.

ಸದ್ದು ಬರುವ ದಾರಿ

ಫೈಲಿನಲ್ಲಿ ಸದ್ದು ಬರೀ ಅಂಕಿಗಳಾಗಿ ಇರುತ್ತದೆ. ಸಿ.ಡಿ. ಗುಣಮಟ್ಟದ ಹಾಡಿನಲ್ಲಿ ಸೆಕೆಂಡಿಗೆ 44,100 ಅಳತೆಗಳಿರುತ್ತವೆ. ಪ್ರೋಗ್ರಾಂ ಈ ಅಂಕಿಗಳನ್ನು ವಿಂಡೋಸ್‌ಗೆ ಕೊಡುತ್ತದೆ. ವಿಂಡೋಸ್ ಆಡಿಯೋ ಎಂಬ ಸೇವೆ ಎಲ್ಲ ಪ್ರೋಗ್ರಾಂಗಳ ಸದ್ದನ್ನು ಬೆರೆಸಿ ಡ್ರೈವರ್‌ಗೆ ಒಪ್ಪಿಸುತ್ತದೆ. ಡ್ರೈವರ್ ಅದನ್ನು ಸೌಂಡ್ ಚಿಪ್‌ಗೆ ತಲುಪಿಸುತ್ತದೆ. ಬಹಳಷ್ಟು ಲ್ಯಾಪ್‌ಟಾಪ್‌ಗಳಲ್ಲಿ ಇದು ರಿಯಲ್‌ಟೆಕ್ ಕಂಪನಿಯ ಚಿಪ್. ಚಿಪ್ ಅಂಕಿಗಳನ್ನು ವಿದ್ಯುತ್ತಾಗಿ ಬದಲಾಯಿಸುತ್ತದೆ. ಆ ವಿದ್ಯುತ್ತು ಹೆಡ್‌ಫೋನ್ ಸಿಕ್ಕಿಸಿದ್ದರೆ ಹೆಡ್‌ಫೋನ್‌ಗೆ, ಇಲ್ಲದಿದ್ದರೆ ಸ್ಪೀಕರ್‌ಗೆ ಹೋಗುತ್ತದೆ.

ಹಂತ ಹಂತವಾಗಿ ನೋಡುವುದು

1. ಮ್ಯೂಟ್ ಮತ್ತು ವಾಲ್ಯೂಮ್. ಕೀಬೋರ್ಡಿನ ಮೇಲಿನ ಸಾಲಿನ ಮ್ಯೂಟ್ ಕೀ ಗೊತ್ತಿಲ್ಲದೆ ಒತ್ತಿರಬಹುದು. ವಾಲ್ಯೂಮ್ ಮಿಕ್ಸರ್ ತೆರೆದು ನೋಡಿ. ಒಂದೇ ಪ್ರೋಗ್ರಾಂನ ಸದ್ದು ಮಾತ್ರ ಶೂನ್ಯದಲ್ಲಿ ಇರಬಹುದು.

2. ಸದ್ದು ಎಲ್ಲಿಗೆ ಹೋಗುತ್ತಿದೆ? ಸೌಂಡ್ ಸೆಟ್ಟಿಂಗ್ಸ್‌ನಲ್ಲಿ ಔಟ್‌ಪುಟ್ ಯಾವುದು ನೋಡಿ. ಪಕ್ಕದ ಕೋಣೆಯ ಬ್ಲೂಟೂತ್ ಇಯರ್‌ಬಡ್ಸ್‌ಗೆ, ಅಥವಾ ಎಚ್‌ಡಿಎಂಐ ಮೂಲಕ ಪ್ರೊಜೆಕ್ಟರ್‌ಗೆ ಸದ್ದು ಹೋಗುತ್ತಿರಬಹುದು. ಎನ್‌ವಿಡಿಎಗೆ ತನ್ನದೇ ಔಟ್‌ಪುಟ್ ಆಯ್ಕೆ ಇದೆ, ಅದನ್ನೂ ನೋಡಬೇಕು. ಇನ್ಸರ್ಟ್ ಜೊತೆ ಎಸ್ ಒತ್ತಿದರೆ ಎನ್‌ವಿಡಿಎ ಮಾತು ನಿಲ್ಲುವುದೂ ಉಂಟು. ಆದರೆ ಆಗ ಹಾಡು ಕೇಳಿಸುತ್ತದೆ, ಎನ್‌ವಿಡಿಎ ದನಿ ಮಾತ್ರ ಇರುವುದಿಲ್ಲ. ನಮ್ಮಲ್ಲಿ ಎರಡೂ ಇರಲಿಲ್ಲ.

3. ರೀಸ್ಟಾರ್ಟ್. ಶಟ್‌ಡೌನ್ ಮಾಡಿ ಆನ್ ಮಾಡುವುದು ಸಾಲದು. ಫಾಸ್ಟ್ ಸ್ಟಾರ್ಟಪ್ ಇರುವ ಲ್ಯಾಪ್‌ಟಾಪ್‌ನಲ್ಲಿ ಶಟ್‌ಡೌನ್ ಮಾಡಿದರೂ ವಿಂಡೋಸ್‌ನ ಒಂದು ಭಾಗ ಹಾಗೆಯೇ ಉಳಿದಿರುತ್ತದೆ. ರೀಸ್ಟಾರ್ಟ್ ಒತ್ತಿದರೆ ಎಲ್ಲವೂ ಹೊಸದಾಗಿ ಆರಂಭವಾಗುತ್ತದೆ.

4. ಸೇವೆ ಮತ್ತು ಡ್ರೈವರ್. ಸ್ಟಾರ್ಟ್‌ನಲ್ಲಿ ಸರ್ವಿಸಸ್ ಎಂದು ಹುಡುಕಿ, ವಿಂಡೋಸ್ ಆಡಿಯೋ ರೀಸ್ಟಾರ್ಟ್ ಮಾಡಬಹುದು. ಡಿವೈಸ್ ಮ್ಯಾನೇಜರ್‌ನಲ್ಲಿ ಸೌಂಡ್ ಡ್ರೈವರ್ ಅನ್‌ಇನ್‌ಸ್ಟಾಲ್ ಮಾಡಿ ರೀಸ್ಟಾರ್ಟ್ ಮಾಡಿದರೆ ವಿಂಡೋಸ್ ಅದನ್ನು ಮತ್ತೆ ಹಾಕಿಕೊಳ್ಳುತ್ತದೆ. ಅಪ್‌ಡೇಟ್ ಆದ ಮರುದಿನವೇ ಸದ್ದು ಹೋಗಿದ್ದರೆ ರೋಲ್ ಬ್ಯಾಕ್ ಡ್ರೈವರ್ ಒತ್ತಿ ಹಳೆಯದಕ್ಕೆ ಮರಳಬಹುದು.

ನಾವು ಇಷ್ಟೂ ಮಾಡಿದೆವು. ನಾನು ಹೇಳುತ್ತಾ ಹೋದೆ, ಮಾಡಿದ್ದನ್ನು ಅವನು ಬ್ರೈಲ್ ಸ್ಲೇಟಿನಲ್ಲಿ ಚುಚ್ಚಿ ಗುರುತು ಹಾಕಿಕೊಂಡ. ಒಂದು ಗಂಟೆ ಹೋಯಿತು, ಸದ್ದು ಬರಲಿಲ್ಲ. ಆದರೆ ಒಂದು ಸುಳಿವು ಸಿಕ್ಕಿತು. ಹಾಡು ಹಾಕಿದಾಗ ಸೌಂಡ್ ಕಿಟಕಿಯಲ್ಲಿ ಹಸಿರು ಗೆರೆಗಳು ಏರಿಳಿಯುತ್ತಿದ್ದವು. ಅಂದರೆ ವಿಂಡೋಸ್ ತನ್ನ ಕೆಲಸ ಮಾಡುತ್ತಿತ್ತು. ಸದ್ದು ಅದರಿಂದ ಮುಂದೆ ಎಲ್ಲೋ ನಿಲ್ಲುತ್ತಿತ್ತು.

ದಾರಿಯನ್ನು ಎರಡು ಭಾಗ ಮಾಡುವುದು

ಅವನ ಇಯರ್‌ಫೋನ್ ಹಾಳಾಗಿ ತಿಂಗಳಾಗಿತ್ತು. ನನ್ನ ಬ್ಯಾಗಿನಲ್ಲಿ ವೈರ್ ಇರುವ ಇಯರ್‌ಫೋನ್ ಇತ್ತು, ಮೊಬೈಲಿನದು. ಅದನ್ನು ಸಿಕ್ಕಿಸಿ ಅವನ ಕಿವಿಗೆ ಕೊಟ್ಟೆ. ಅವನು ಒಂದು ಕೀ ಒತ್ತಿದ. "ಓದಾಕತ್ತದ!" ಎಂದು ಕೂಗಿದ.

ಇಯರ್‌ಫೋನ್‌ನಲ್ಲಿ ಸದ್ದು ಬಂತು ಎಂದರೆ ವಿಂಡೋಸ್, ಡ್ರೈವರ್, ಸೌಂಡ್ ಚಿಪ್ ಮೂರೂ ಸರಿ ಇವೆ ಎಂದು ಅರ್ಥ. ಐಸಿ ಹೋಗಿರಲಿಲ್ಲ. ಉಳಿದದ್ದು ಎರಡೇ: ಸ್ಪೀಕರ್ ಅಥವಾ ಇಯರ್‌ಫೋನ್ ಸಿಕ್ಕಿಸುವ ಜಾಗ.

ಬಹಳಷ್ಟು ಲ್ಯಾಪ್‌ಟಾಪ್‌ಗಳಲ್ಲಿ ಆ 3.5 ಮಿಲಿಮೀಟರ್ ರಂಧ್ರದ ಒಳಗೆ ಸಣ್ಣ ಸ್ಪ್ರಿಂಗ್ ಸ್ವಿಚ್ ಇರುತ್ತದೆ. ಪಿನ್ ಒಳಗೆ ಬಂದಾಗ ಅದು ಸರಿಯುತ್ತದೆ, ಆಗ ಸ್ಪೀಕರ್ ನಿಲ್ಲುತ್ತದೆ. ಕಸ ಸೇರಿ ಆ ಸ್ವಿಚ್ ಸಿಕ್ಕಿಕೊಂಡರೆ, ಏನೂ ಸಿಕ್ಕಿಸದಿದ್ದರೂ ಇಯರ್‌ಫೋನ್ ಇದೆ ಎಂದೇ ಲ್ಯಾಪ್‌ಟಾಪ್ ತಿಳಿಯುತ್ತದೆ.

ಆಗ ಎಡದಂಡೆ ನಾಲೆಯ ಭತ್ತದ ಕಟಾವು ನಡೆದಿತ್ತು. ಕಟಾವು ಮಷಿನ್ ಗದ್ದೆಗೆ ಇಳಿದರೆ ಧೂಳು, ಹೊಟ್ಟು ಮನೆಯೊಳಗೂ ಬರುತ್ತದೆ. ಅವನು ಓದುತ್ತಿದ್ದದ್ದು ಹೊರಗಿನ ಕಟ್ಟೆಯ ಮೇಲೆ.

ಲ್ಯಾಪ್‌ಟಾಪ್ ಪೂರ್ತಿ ಆಫ್ ಮಾಡಿ, ಚಾರ್ಜರ್ ತೆಗೆದೆವು. ರಂಧ್ರ ಕೆಳಗೆ ಬರುವಂತೆ ಓರೆ ಹಿಡಿದು, ಇಯರ್‌ಫೋನ್ ಪಿನ್ ಅನ್ನು ಹತ್ತು ಸಲ ಮೆಲ್ಲಗೆ ಹಾಕಿ ತೆಗೆದೆವು. ಕೈಯಲ್ಲಿ ಒತ್ತುವ ರಬ್ಬರ್ ಗಾಳಿಬುರುಡೆಯಿಂದ ಗಾಳಿ ಹಾಕಿದೆವು. ಹೊಟ್ಟಿನ ಒಂದು ಚೂರು ಹೊರಬಿತ್ತು. ಸೂಜಿ, ಪಿನ್ನು ಹಾಕಬೇಡಿ, ಸ್ಪ್ರಿಂಗ್ ಮುರಿಯುತ್ತದೆ. ಬಾಯಿಂದ ಊದಬೇಡಿ, ಉಗುಳಿನ ತೇವ ಒಳಗೆ ಹೋಗುತ್ತದೆ.

ಆನ್ ಮಾಡಿದೆವು. ಅಲ್‌ಹಮ್ದುಲಿಲ್ಲಾಹ್, ಸ್ಪೀಕರ್ ಮಾತಾಡಿತು. ಅವನು ನನ್ನ ಜೊತೆ ಮಾತು ಬಿಟ್ಟು ತಾಳೆ ಪಟ್ಟಿಯ ನೋಟ್ಸ್ ತೆರೆದ. ಟೆಸ್ಟ್‌ಗೆ ಇನ್ನೂ ಎರಡು ದಿನ ಇತ್ತು.

ನೆನಪಿಡಬೇಕಾದ್ದು

ಒಂದು ಗಂಟೆಯ ಕೆಲಸ ಐದು ನಿಮಿಷದಲ್ಲಿ ಮುಗಿಯಬಹುದಿತ್ತು. ಮ್ಯೂಟ್ ಮತ್ತು ಔಟ್‌ಪುಟ್ ನೋಡಿದ ಕೂಡಲೇ ಇಯರ್‌ಫೋನ್ ಹಾಕಿ ನೋಡಬೇಕಿತ್ತು. ಈ ಪರೀಕ್ಷೆಯ ಫಲ ಹೀಗೆ:

ವೈರ್ ಇಯರ್‌ಫೋನ್‌ನಲ್ಲಿ ಸದ್ದು ಬಂದರೆ, ತಪ್ಪು ಸ್ಪೀಕರ್‌ನಲ್ಲಿ ಅಥವಾ ಇಯರ್‌ಫೋನ್ ರಂಧ್ರದಲ್ಲಿ.

ಅದರಲ್ಲಿ ಬಾರದೆ ಯುಎಸ್‌ಬಿ ಹೆಡ್‌ಫೋನ್‌ನಲ್ಲಿ ಬಂದರೆ, ತಪ್ಪು ಡ್ರೈವರ್‌ನಲ್ಲಿ ಅಥವಾ ಸೌಂಡ್ ಚಿಪ್‌ನಲ್ಲಿ.

ಎರಡರಲ್ಲೂ ಬಾರದಿದ್ದರೆ, ಮೊದಲು ವಿಂಡೋಸ್ ಸೆಟ್ಟಿಂಗ್ ಮತ್ತು ಆಡಿಯೋ ಸೇವೆಯನ್ನು ನೋಡಬೇಕು.

ಒಂದು ಸಲಕ್ಕೆ ಒಂದೇ ಬದಲಾವಣೆ ಮಾಡಿ, ಮಾಡಿದ್ದನ್ನು ಬರೆದಿಡಿ. ಅಂಗಡಿಗೆ ಹೋಗಬೇಕಾಗಿ ಬಂದರೂ ಆ ಚೀಟಿ ತೋರಿಸಿದರೆ ಅವರಿಗೂ ಅನುಕೂಲ, ನಮ್ಮ ಹಣಕ್ಕೂ ಲೆಕ್ಕ ಸಿಗುತ್ತದೆ.

ಕೊನೆಯದಾಗಿ ಒಂದು ಮಾತು. ಸದ್ದು ಹೋದಾಗ ನನ್ನ ಗೆಳೆಯನಿಗೆ ಸೆಟ್ಟಿಂಗ್ಸ್ ತೆರೆಯಲೂ ದಾರಿ ಇರಲಿಲ್ಲ. ತೆರೆದರೂ ಅದನ್ನು ಓದಿ ಹೇಳಲು ಸದ್ದೇ ಬೇಕಿತ್ತು. ಯುಎಸ್‌ಬಿ ಹೆಡ್‌ಫೋನ್‌ನ ಒಳಗೆ ಅದರದೇ ಸೌಂಡ್ ಚಿಪ್ ಇರುತ್ತದೆ, ಆದ್ದರಿಂದ ಲ್ಯಾಪ್‌ಟಾಪ್‌ನ ಚಿಪ್ ನಿಜವಾಗಿಯೂ ಹೋದರೂ ಅದು ಕೆಲಸ ಮಾಡುತ್ತದೆ. ಅಂಥದ್ದೊಂದು ನಮ್ಮ ಕಂಪ್ಯೂಟರ್ ಲ್ಯಾಬಿನ ಕಪಾಟಿನಲ್ಲಿ ಇರಲಿ ಎಂದು ಉಪನ್ಯಾಸಕರಲ್ಲಿ ನಮ್ಮಿಬ್ಬರ ವಿನಂತಿ. ಮೂರು ಸಾವಿರದ ರಿಪೇರಿಗಿಂತ ಅದು ತುಂಬ ಅಗ್ಗ. ಮುಂದೆ ಇಂಥ ಯಾವ ವಿದ್ಯಾರ್ಥಿ ಬಂದರೂ, ಲ್ಯಾಪ್‌ಟಾಪ್ ಮೂಕವಾದ ದಿನ ಯಾರ ಮನೆ ಬಾಗಿಲಿಗೂ ಹೋಗದೆ ತಾನೇ ತಪ್ಪು ಹುಡುಕಿಕೊಳ್ಳಬಹುದು.

ಮತ್ತು ಬೇರೆಯವರ ಲ್ಯಾಪ್‌ಟಾಪ್ ಸರಿ ಮಾಡಲು ಕೂತರೆ, ಏನು ಒತ್ತುತ್ತಿದ್ದೇವೆ ಎಂದು ಹೇಳುತ್ತಾ ಒತ್ತೋಣ.